ಎಡಕ್ಕೆ ಸುತ್ತಿದ ಬೇಸಿಗೆ

ಹೋದ ವಾರ ನೋವಿ ಊರಿನ ಜಪಾನೀ ಅಂಗಡಿಗೆ ಅಕ್ಕಿ ತರಲು ಹೋಗಿದ್ದೆ. ಹಿಂಬಾಗಿಲ ಹತ್ತಿರ ಯಾರೋ ಸೊಳ್ಳೆ ಬತ್ತಿ ಹಚ್ಚಿಟ್ಟಿದ್ದರು, ಹಸಿರು ಸುರುಳಿಯದು. ಆ ಹೊಗೆಗೆ ಮೈಸೂರಿನ ಸರಸ್ವತಿಪುರದ ಸಂಜೆಗಳು ನೆನಪಾಗಬೇಕಿತ್ತು. ಹನ್ನೆರಡು ವರ್ಷದವರೆಗೆ ಅದೇ ವಾಸನೆಯಲ್ಲಿ ಹೋಂವರ್ಕ್ ಮಾಡಿದವಳು ನಾನು. ಆದರೆ ನೆನಪಾದದ್ದು ಮಿಷಿಗನ್ನಿನ ಪ್ಲಿಮತ್, ೨೦೦೯ರ ಬೇಸಿಗೆ, ಪಕ್ಕದ ಮನೆಯ ಹಿತ್ತಿಲ ಮರದ ಡೆಕ್ಕಿನ ಮೇಲೆ ಕಾಲ ಬಳಿ ಬತ್ತಿ ಇಟ್ಟುಕೊಂಡು ಕೂತಿದ್ದ ಹಯಾಶಿ ಆಂಟಿ. ಅಕ್ಕಿ ಮರೆತು ಮನೆಗೆ ಬಂದು ಆ ವರ್ಷದ ಡೈರಿ ತೆಗೆದೆ.

ಈ ದೇಶಕ್ಕೆ ಬಂದ ಮೊದಲ ಚಳಿಗಾಲದಿಂದ ನಾನು ಡೈರಿ ಬರೆಯುತ್ತಿದ್ದೇನೆ. ದಿನಾಂಕ, ವಾರ, ಹೊರಗೆ ಎಷ್ಟು ಡಿಗ್ರಿ ಫ್ಯಾರನ್‌ಹೀಟ್, ಮನೆಗೆ ಯಾರು ಬಂದರು. ಜಾಗ ಉಳಿದರೆ ಮನಸ್ಸಿನ ಮಾತು. ಆ ವರ್ಷದ ಪುಟಗಳಲ್ಲಿ ಬಂದವರಿಗಿಂತ ಹೋದವರ ಹೆಸರುಗಳೇ ಹೆಚ್ಚು. ಕಾರಿನ ಕಂಪನಿಗಳು ಮುಳುಗುತ್ತಿದ್ದ ಡೆಟ್ರಾಯಿಟ್ ಸುತ್ತಮುತ್ತ ಆಗ ಯಾರು ಎದುರಾದರೂ ಕೇಳುತ್ತಿದ್ದದ್ದು ಆರೋಗ್ಯವನ್ನಲ್ಲ. "ಇನ್ನೂ ಅಲ್ಲೇ ಇದೀರಾ?" ಎಂದು ಕೇಳುತ್ತಿದ್ದರು. ಅಪ್ಪ ಸೌತ್‌ಫೀಲ್ಡ್‌ನ ಒಂದು ಕಚೇರಿಯಲ್ಲಿ ಎಂಜಿನಿಯರ್. ಕಾರ್ಖಾನೆಯೊಳಗೆ ಯಾವ ಯಂತ್ರ ಎಲ್ಲಿ ನಿಲ್ಲಬೇಕು ಎಂದು ನಕ್ಷೆ ಹಾಕುವುದು ಅವರ ಕೆಲಸ. ಮಾರ್ಚ್‌ನಲ್ಲಿ ಅವರ ವಿಭಾಗವನ್ನೇ ಮುಚ್ಚಿದರು. ನನಗೆ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಮೊದಲ ಕೆಲಸ. ಅದೇನೋ ಉಳಿಯಿತು, ಆದರೆ ಶುಕ್ರವಾರಗಳು ಸಂಬಳವಿಲ್ಲದ ರಜೆಗಳಾದವು.

ಅಪ್ಪನ ಕೆಲಸ ಹೋಗುವ ಮೊದಲೇ, ಫೆಬ್ರವರಿಯಲ್ಲಿ, ಹಯಾಶಿ ಅಂಕಲ್ ಹೋಗಿದ್ದರು. ಬೆಳಿಗ್ಗೆ ಡ್ರೈವ್‌ವೇ ಮೇಲಿನ ಹಿಮ ತೆಗೆದು ಒಳಗೆ ಹೋಗಿ, ಬೂಟು ಬಿಚ್ಚಲು ಕೂತವರು ಮತ್ತೆ ಏಳಲಿಲ್ಲ. ಹತ್ತು ವರ್ಷದಿಂದ ಅವರು ನಮ್ಮ ಪಕ್ಕದ ಮನೆ. ಅಪ್ಪನಿಗೂ ಅವರಿಗೂ ಹಂಚಿಕೊಳ್ಳಲು ಭಾಷೆ ಹೆಚ್ಚಿರಲಿಲ್ಲ. ಶನಿವಾರ ಇಬ್ಬರೂ ಗ್ಯಾರೇಜಿನಲ್ಲಿ ಹುಲ್ಲು ಕತ್ತರಿಸುವ ಯಂತ್ರ ಬಿಚ್ಚಿಕೊಂಡು ಮಧ್ಯಾಹ್ನದವರೆಗೆ ಮಾತಿಲ್ಲದೆ ಕೂರುತ್ತಿದ್ದರು. ಅಂಕಲ್‌ಗೆ ಮಕ್ಕಳಿರಲಿಲ್ಲ. ಪ್ರತಿ ಆಗಸ್ಟ್‌ನಲ್ಲಿ ಇಲ್ಲಿಯ ಜಪಾನೀಯರು ಸೇರಿ ಬೇಸಿಗೆಯ ಹಬ್ಬ ಮಾಡುವಾಗ ನಡುವೆ ಒಂದು ಮರದ ಅಟ್ಟಣೆ ಏಳುತ್ತಿತ್ತು. ಅದರ ಮೇಲೆ ಡೋಲು, ತುದಿಯಿಂದ ನಾಲ್ಕೂ ಕಡೆಗೆ ಕಾಗದದ ದೀಪಗಳ ಸಾಲು, ಕೆಳಗೆ ಸುತ್ತಲೂ ಜನ ವೃತ್ತವಾಗಿ ಕುಣಿಯುವುದು. ಆ ಅಟ್ಟಣೆ ಕಟ್ಟುತ್ತಿದ್ದವರು ಹಯಾಶಿ ಅಂಕಲ್.

ಜುಲೈ ಏಳು, ಮಂಗಳವಾರ, ಎಪ್ಪತ್ತೊಂಬತ್ತು ಡಿಗ್ರಿ. ಅಂದು ಅವರ ನಕ್ಷತ್ರಗಳ ಹಬ್ಬ. ಬಿದಿರಿನ ಕೊಂಬೆಗೆ ಬಣ್ಣದ ಕಾಗದದ ಪಟ್ಟಿಗಳಲ್ಲಿ ಆಸೆ ಬರೆದು ಕಟ್ಟಬೇಕು. ಆಂಟಿ ಪ್ರತಿವರ್ಷದಂತೆ ನಮ್ಮ ಮೂವರನ್ನೂ ಡೆಕ್ಕಿಗೆ ಕರೆದು ಪಟ್ಟಿ, ಪೆನ್ನು ಕೊಟ್ಟರು. ಅಪ್ಪ ಏನು ಬರೆದರೆಂದು ಯಾರೂ ಕೇಳಲಿಲ್ಲ. ಅಮ್ಮ ಆಂಟಿಯ ಪಟ್ಟಿಯನ್ನು ನೋಡಿ, ಏನು ಬರೆದಿರಿ ಎಂದು ಕೇಳಿದಳು.

ಆಂಟಿಯ ಇಂಗ್ಲಿಷ್ ಚಿಕ್ಕ ಚಿಕ್ಕ ವಾಕ್ಯಗಳದ್ದು. "ಆಗಸ್ಟ್‌ನಲ್ಲಿ ಒಂದು ವೃತ್ತ," ಎಂದರು. "ಈ ಸಲ ಹಬ್ಬ ಇಲ್ಲ. ಸಂಘದವರು ನಿಲ್ಲಿಸಿದ್ದಾರೆ. ಅರ್ಧ ಜನರನ್ನು ಕಂಪನಿಗಳು ಜಪಾನಿಗೆ ವಾಪಸ್ ಕರೆಸಿಕೊಂಡಿವೆ. ಶಿಕಾಗೋದ ಡೋಲಿನ ತಂಡವೂ ಬರುವುದಿಲ್ಲ."

"ಮುಂದಿನ ವರ್ಷ ಆಗುತ್ತೆ ಬಿಡಿ," ಎಂದಳು ಅಮ್ಮ.

"ಮುಂದಿನ ವರ್ಷ ಬೇರೆ." ಆಂಟಿ ಪಟ್ಟಿಯ ದಾರವನ್ನು ಬಿಗಿ ಮಾಡಿದರು. "ಆಗಸ್ಟ್‌ನಲ್ಲಿ ಸತ್ತವರು ಮನೆಗೆ ಬರುತ್ತಾರೆ. ನಮ್ಮ ಯಜಮಾನರು ಬರುವುದು ಇದೇ ಮೊದಲು. ದಾರಿ ಗೊತ್ತಿಲ್ಲ. ಯಾರೂ ಕುಣಿಯದಿದ್ದರೆ, ತಪ್ಪು ಮನೆಗೆ ಬಂದೆ ಅಂದುಕೊಂಡು ಹೋಗಿಬಿಡುತ್ತಾರೆ."

ಮನೆಗೆ ಬಂದು ಅಮ್ಮ ಅಕ್ಕಿ ತೊಳೆಯುತ್ತ ನಿಂತೇ ಇದ್ದಳು. ನೀರು ಯಾವಾಗಲೋ ತಿಳಿಯಾಗಿತ್ತು, ಆದರೂ ತೊಳೆಯುತ್ತಿದ್ದಳು. "ಎಷ್ಟು ಜನ ಬೇಕಾಗುತ್ತೆ ಅಂತ ಕೇಳ್ಕೊಂಡ್ ಬಾ," ಎಂದಳು.

ಎಷ್ಟು ಜನವಾದರೂ ಆಗುತ್ತದೆ, ಆದರೆ ತಲೆ ಬಾಲ ಸೇರಬೇಕು ಎಂದರು ಆಂಟಿ. ಸೇರದಿದ್ದರೆ ಅದು ವೃತ್ತವಲ್ಲ, ಬ್ಯಾಂಕಿನ ಮುಂದಿನ ಸಾಲು. ಅಟ್ಟಣೆ ಕಟ್ಟುವವರಿಲ್ಲವಲ್ಲ, ಅದಕ್ಕೆ ನಮ್ಮ ಬಡಾವಣೆಯ ಪಾರ್ಕಿನಲ್ಲಿರುವ ಗೆಜೀಬೊ, ಆ ಎಂಟು ಕಂಬದ ಮಂಟಪವೇ ಆಗಬಹುದು ಎಂದು ಅಪ್ಪ ಹೇಳಿದರು. ಮಾರ್ಚ್‌ನಿಂದ ಯಾವುದಕ್ಕೂ ಟೇಪು ಹಿಡಿಯದಿದ್ದವರು ಅಂದು ಗ್ಯಾರೇಜಿನಿಂದ ಟೇಪು ತಂದು ಮಂಟಪದ ಸುತ್ತ ಅಳೆದರು. ಒಬ್ಬರಿಗೊಬ್ಬರು ಕೈ ತಾಗದಂತೆ ನಿಂತರೆ ಮೂವತ್ತು ಜನ. ಊರಲ್ಲಿ ಉಳಿದಿದ್ದ ಜಪಾನೀ ಮನೆಗಳಿಗೆಲ್ಲ ಆಂಟಿ ಫೋನ್ ಮಾಡಿದರು. ಬರುತ್ತೇವೆ ಎಂದವರು ಎಂಟು.

ಉಳಿದವರನ್ನು ಅಮ್ಮ ಕನ್ನಡ ಕೂಟದ ಕೋಲಾಟದ ತಂಡದಿಂದ ತರುತ್ತೇನೆಂದಳು. ಆ ತಂಡಕ್ಕೆ ಗುರು ಕಮಲಾ ಆಂಟಿ. ಧಾರವಾಡದವರು, ಮಕ್ಕಳ ಡಾಕ್ಟರು, ಅರವತ್ತು ದಾಟಿದವರು. ನಮ್ಮ ಪೈಕಿ ಇಲ್ಲಿ ಹುಟ್ಟಿದ ಅರ್ಧದಷ್ಟು ಮಕ್ಕಳಿಗೆ ಚುಚ್ಚುಮದ್ದು ಕೊಟ್ಟವರು ಅವರೇ, ಆದ್ದರಿಂದ ಅವರ ಮಾತಿಗೆ ಎದುರಾಡುವವರು ಕಡಿಮೆ. ಅಮ್ಮ ಅವರಿಗೆ ಹೇಳಿದ್ದು ಇಷ್ಟೇ: ಜಪಾನೀಸ್ ಸಮ್ಮರ್ ಫೆಸ್ಟಿವಲ್ ಇದೆ, ಡ್ಯಾನ್ಸ್ ಕಲಿಸ್ತಾರೆ, ಬನ್ನಿ. ಜಪಾನೀ ಸಂಘದವರು ವರ್ಷವೂ ಹಂಚುತ್ತಿದ್ದ ಕರಪತ್ರದಲ್ಲೂ ಹಾಗೆಯೇ ಇರುತ್ತಿತ್ತು. "ಸತ್ತವರ ವಿಷಯ ಎತ್ತಿದ್ರೆ ಒಬ್ಬರೂ ಬರಲ್ಲ," ಎಂದು ನನಗೆ ಅಡುಗೆಮನೆಯಲ್ಲಿ ಹೇಳಿದಳು.

ಜುಲೈನ ಶುಕ್ರವಾರಗಳ ಸಂಜೆ ಪಾರ್ಕಿನಲ್ಲಿ ಅಭ್ಯಾಸ. ನಮ್ಮ ಮಿನಿವ್ಯಾನಿನ ಬಾಗಿಲುಗಳನ್ನೆಲ್ಲ ತೆಗೆದು ಸಿಡಿ ಹಾಕುವುದು. ಕಲ್ಲಿದ್ದಲ ಗಣಿಯವರ ಒಂದು ಕುಣಿತ ಎಲ್ಲರಿಗೂ ಬೇಗ ಹಿಡಿಸಿತು. ಅಗೆ, ಅಗೆ, ಹೆಗಲ ಮೇಲಿಂದ ಹಿಂದಕ್ಕೆ ಎಸೆ, ಹಣೆಗೆ ಕೈ ಇಟ್ಟು ದೂರ ನೋಡು, ಗಾಡಿ ತಳ್ಳು, ಒಳಕ್ಕೆ ತಿರುಗಿ ಚಪ್ಪಾಳೆ. ಕೈಗಳು ಎರಡನೇ ವಾರಕ್ಕೆ ಕೂತವು. ಕಾಲು ಮಾತ್ರ ಕೂರಲಿಲ್ಲ. ಹಯಾಶಿ ಆಂಟಿ ಕಲಿಸುವ ಕುಣಿತದಲ್ಲಿ ಮಂಟಪ ನಮ್ಮ ಎಡಗೈ ಕಡೆಗಿರಬೇಕು. ನಮ್ಮವರು ಎಡಗೈ ಕಡೆಗೇ ಇಟ್ಟುಕೊಂಡು ಹೊರಡುತ್ತಿದ್ದರು. ಹಾಡಿನ ಎರಡನೇ ಸಾಲು ಮುಗಿಯುವಷ್ಟರಲ್ಲಿ ಯಾರೋ ಒಬ್ಬರು ತಿರುಗಿ ಬಲಸುತ್ತಿಗೆ ಬರುತ್ತಿದ್ದರು, ಅವರ ಹಿಂದೆ ಉಳಿದವರು. ಸೀರೆಯ ಹೆಂಗಸರಿಗೂ ಜಪಾನೀ ಹೆಂಗಸರಿಗೂ ಮುಖಾಮುಖಿ ಡಿಕ್ಕಿ. ಮಂಟಪದ ಮೆಟ್ಟಿಲ ಮೇಲೆ ಕೂತ ಮಕ್ಕಳಿಗೆ ಅದೇ ಮನರಂಜನೆ.

"ಅಮ್ಮಾ, ಯು ಆರ್ ಗೋಯಿಂಗ್ ದ ರಾಂಗ್ ವೇ, ಅಗೇನ್."

"ನೀನ್ ಸುಮ್ನೆ ಕೂತ್ಕೋ. ದೇವಸ್ಥಾನದಲ್ಲಿ ಹತ್ತು ಸುತ್ತು ಹಾಕಿಸಿದ್ದಿದ್ರೆ ನಿಂಗೂ ಕಾಲು ಹೀಗೇ ಹೋಗ್ತಿತ್ತು."

ಹಯಾಶಿ ಆಂಟಿ ಬೇಸರಿಸಲಿಲ್ಲ. ಎಲ್ಲರ ಎಡಗೈಗೂ ಒಂದೊಂದು ಕೆಂಪು ಹೇರ್‌ಬ್ಯಾಂಡ್ ತೊಡಿಸಿದರು. ಸಿಡಿ ನಿಲ್ಲಿಸಿ, ಮತ್ತೆ ಮೊದಲಿಂದ. ಜುಲೈನ ಕೊನೆಯ ಶುಕ್ರವಾರ ಹೀಗೇ ಸಿಡಿ ನಿಂತಾಗ ಕಮಲಾ ಆಂಟಿ ತಮ್ಮ ಹೇರ್‌ಬ್ಯಾಂಡ್ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತರು.

"ಒಂದ್ ನಿಮಿಷ ನಿಲ್ರಿ ಎಲ್ಲಾರೂ. ನಮ್ಮ ಕಾಲು ತಪ್ಪು ಮಾಡ್ಲಿಕ್ಕತ್ತಿಲ್ಲ. ಸರಿ ಮಾಡ್ಲಿಕ್ಕತ್ಯಾವ. ಎಡಸುತ್ತು ಯಾವಾಗ ಹಾಕ್ತಾರ ಅಂತ ಇಲ್ಲೆ ಯಾರಿಗರ ನೆನಪದನ?"

ಎಲ್ಲರಿಗೂ ನೆನಪಿತ್ತು. ಹೆಣದ ಸುತ್ತ ಹಾಕುವುದು ಎಡಸುತ್ತು. ಪಿತೃಕಾರ್ಯದಲ್ಲಿ ಎಲ್ಲವೂ ಎಡಕ್ಕೆ. "ಮನ್ಯಾಗ ಮಕ್ಕಳು ಮರಿ ಇದ್ದವರು ಹಬ್ಬದ ದಿನಾ ಅಪ್ರದಕ್ಷಿಣಿ ಹಾಕೂದು ನನಗ ಸರಿ ಕಾಣೂದಿಲ್ಲವಾ," ಎಂದರು. ಹೇರ್‌ಬ್ಯಾಂಡನ್ನು ಮೆಲ್ಲಗೆ ಹಯಾಶಿ ಆಂಟಿಯ ಕೈಯಲ್ಲಿಟ್ಟು, ನಮಸ್ಕಾರ ಮಾಡಿ, ಕಾರು ಹತ್ತಿದರು. ಮಿಕ್ಕವರ ಕಾರುಗಳು ಒಂದೊಂದಾಗಿ ಹೊರಟವು. ಮರುದಿನ ಅಮ್ಮನಿಗೆ ಇಮೇಲ್‌ಗಳು. ಒಬ್ಬರಿಗೆ ಬೆನ್ನುನೋವು, ಒಬ್ಬರ ಮನೆಗೆ ನೆಂಟರು, ಇಬ್ಬರಿಗೆ ಶಿಕಾಗೋಗೆ ಹೋಗಲೇಬೇಕಾದ ಕೆಲಸ.

ಹಯಾಶಿ ಆಂಟಿಗೆ ಕಾರಣ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಅವರು ಡೆಕ್ಕಿನಲ್ಲಿ ಹಬ್ಬಕ್ಕೆ ಬೇಕಾದ ಕಾಗದದ ದೀಪಗಳನ್ನು ಡಬ್ಬದಿಂದ ತೆಗೆದು ಧೂಳು ಒರೆಸುತ್ತಿದ್ದರು. ಹಬ್ಬಗಳಲ್ಲಿ ನಾವು ಬಲಕ್ಕೆ ಸುತ್ತುತ್ತೇವೆ, ಎಡಕ್ಕೆ ಸುತ್ತುವುದಿಲ್ಲ ಎಂದೆ.

"ಎಡಕ್ಕೆ ಎಂದೂ ಇಲ್ಲವೇ?"

"ಇದೆ. ತೀರಿಕೊಂಡವರಿಗಾಗಿ ಮಾತ್ರ."

ಒರೆಸುತ್ತಿದ್ದ ಬಟ್ಟೆ ನಿಂತಿತು. "ಹಾಗಾದರೆ ಅವರಿಗೆ ನಾನು ಕಲಿಸಬೇಕಾದ್ದು ಏನೂ ಇರಲಿಲ್ಲ," ಎಂದರು. ಕೈಯಲ್ಲಿದ್ದ ದೀಪವನ್ನು ಕೆಳಗಿಟ್ಟು, "ಇದು ಯಾರಿಗಾಗಿ ಎಂದು ನಿಮ್ಮಮ್ಮ ಅವರಿಗೆ ಹೇಳಿಲ್ಲವೇ?"

ನಾನು ಅದನ್ನು ಹಾಗೆಯೇ ಅಮ್ಮನಿಗೆ ಒಪ್ಪಿಸಿದೆ. ಅಮ್ಮ ಅಂದು ಸರಿಯಾಗಿ ಊಟ ಮಾಡಲಿಲ್ಲ. ಮರುದಿನ ಭಾನುವಾರ, ಟ್ರಾಯ್ ಊರಿನ ದೇವಸ್ಥಾನದಲ್ಲಿ ಕಮಲಾ ಆಂಟಿ ಸಿಗುತ್ತಾರೆಂದು ನನ್ನನ್ನು ಡ್ರೈವ್ ಮಾಡಲು ಹೇಳಿ ಹೊರಟಳು. ಮೂವತ್ತೈದು ಮೈಲಿ ದಾರಿಯುದ್ದಕ್ಕೂ ಏನು ಹೇಳಬೇಕೆಂದು ತುಟಿಯಲ್ಲೇ ಅಂದುಕೊಳ್ಳುತ್ತಿದ್ದಳು. ಆಂಟಿ ಸಿಕ್ಕಿದ್ದು ಚಪ್ಪಲಿ ಗೂಡಿನ ಹತ್ತಿರ. ಅಂದುಕೊಂಡಿದ್ದೆಲ್ಲ ಮರೆತು ಅಮ್ಮ ನೇರವಾಗಿ ಹೇಳಿಬಿಟ್ಟಳು.

"ಅದು ಸಮ್ಮರ್ ಫೆಸ್ಟಿವಲ್ ಅಲ್ಲ ಕಮಲಕ್ಕ. ಅವರ ಪಿತೃಪಕ್ಷ. ಹಯಾಶಿ ಅವ್ರ ಯಜಮಾನ್ರು ಹೋದ್ರಲ್ಲ ಫೆಬ್ರವರೀಲಿ, ಮೊದಲನೇ ವರ್ಷ. ಆ ವೃತ್ತ ನೋಡ್ಕೊಂಡೇ ಅವರು ಮನೆಗೆ ಬರೋದಂತೆ."

ಕಮಲಾ ಆಂಟಿ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಹಾಗೇ ನಿಂತರು. "ಇದನ್ನ ನೀ ನನಗ ಮೊದಲ ಹೇಳಬೇಕಿತ್ತಲ್ಲ, ವಸುಧಾ?"

"ಹೇಳಿದ್ರೆ ಬರ್ತಿದ್ರಾ?"

"ಸಾವಿನ ಮನಿಗೆ ಯಾರರ ಕರಿಸಿಕೊಂಡು ಬರ್ತಾರೇನ? ಮದುವಿಗೆ ಕರೀಬೇಕು, ಮುಂಜಿವಿಗೆ ಕರೀಬೇಕು. ಇದಕ್ಕ ಗೊತ್ತಾದ್ರ ಸಾಕು, ಜನಾ ತಾವ ಬರ್ತಾರ. ನೀ ಹಬ್ಬ ಅಂತ ಕರದಿ, ನಾ ಹಬ್ಬದ ಲೆಕ್ಕಾ ಹಾಕಿದೆ." ಇನ್ನೊಂದು ಚಪ್ಪಲಿಯನ್ನೂ ಹಾಕಿಕೊಂಡರು. "ಪಿತೃಕಾರ್ಯ ಅಂದಮ್ಯಾಲ ಎಡಕ್ಕ ಸುತ್ತೂದ ಸರಿ. ಬಲಕ್ಕ ಸುತ್ತಿದ್ರ ತಪ್ಪು."

ಅಮ್ಮನ ಮುಖ ಅರಳಿತು. ಅಷ್ಟರಲ್ಲಿ ಆಂಟಿ ಬೆರಳೆತ್ತಿದರು. "ಆದ್ರ ಒಂದು ಮಾತು. ಅಪ್ಪಾ, ಅವ್ವಾ ಇಬ್ಬರೂ ಇದ್ದವರು ಆ ಸುತ್ತಿನಾಗ ಬ್ಯಾಡ. ತರ್ಪಣಾ ಬಿಡ್ಲಿಕ್ಕೆ ಅಧಿಕಾರ ಇದ್ದವರು ಅಷ್ಟ."

ವಾಪಸ್ ಬರುವಾಗ ಕಾರಿನಲ್ಲಿ ಅಮ್ಮ ಬೆರಳು ಮಡಚುತ್ತ ಲೆಕ್ಕ ಹಾಕಿದಳು. ಕೋಲಾಟದ ತಂಡದಲ್ಲಿ ಹೆಚ್ಚಿನವರು ಮೂವತ್ತು ಮೂವತ್ತೈದರವರು. ಅವರ ತಂದೆತಾಯಿಯರು ಬೆಂಗಳೂರಿನಲ್ಲಿ ಆರೋಗ್ಯವಾಗಿ ವಾಕಿಂಗ್ ಹೋಗುತ್ತಿದ್ದರು. ತನ್ನ ಅಪ್ಪನನ್ನು ಕಳೆದುಕೊಂಡ ಅಮ್ಮನೂ ಸೇರಿ ಒಂಬತ್ತು ಜನ ಉಳಿದರು. ಜಪಾನೀಯರು ಎಂಟು. ಹಯಾಶಿ ಆಂಟಿಯನ್ನು ಸೇರಿಸಿದರೂ ಮೂವತ್ತಕ್ಕೆ ಇನ್ನೂ ಹನ್ನೆರಡು ಬೇಕು. ನಾನೂ ಇಲ್ಲ, ನನಗೆ ಇಬ್ಬರೂ ಇದ್ದಾರೆ. ಅವರಲ್ಲಿ ಒಬ್ಬಳು ಪಕ್ಕದ ಸೀಟಿನಲ್ಲೇ ಕೂತಿದ್ದಳು.

ಮುಂದಿನ ಎರಡು ವಾರ ಕಮಲಾ ಆಂಟಿಯ ಫೋನು ತಣ್ಣಗಾಗಲಿಲ್ಲ. ಎರಡು ಸಂಜೆ ನಮ್ಮ ಅಡುಗೆಮನೆಯಲ್ಲೇ ಕೂತು ಮಾಡಿದ್ದರಿಂದ ನನಗೂ ಕೇಳಿಸಿತು. ಅವರು ಹೆಂಗಸರನ್ನು ಬಿಟ್ಟು ಗಂಡಸರನ್ನು ಹಿಡಿದಿದ್ದರು.

"ರಮೇಶ, ನಿಮ್ಮ ತಂದಿಯವರು ತೀರಿಕೊಂಡಾರಲ್ಲ? ಹಾಂ, ಪಾಪ. ಹಂಗಾದ್ರ ಭಾನುವಾರ ಆರೂವರಿಗೆ ಬಾ. ಕುಣೀಲಿಕ್ಕೆ. ಹೌದಪಾ, ಕುಣೀಲಿಕ್ಕೆ. ಬರೂದಿಲ್ಲಂದ್ರ ಶನಿವಾರ ಬಾ, ಕಲಿಸ್ತೀನಿ. ಇಂಟರ್‌ವ್ಯೂ ಅದನ? ಭಾನುವಾರ ಯಾ ಇಂಟರ್‌ವ್ಯೂ ಇರ್ತದೋ?"

ಮಿಷಿಗನ್ನಿನ ಕನ್ನಡ ಅಂಕಲ್‌ಗಳು ಮದುವೆಗಳಲ್ಲೂ ಗೋಡೆ ಬಿಟ್ಟು ಕದಲಿದವರಲ್ಲ. ಆ ಶನಿವಾರ ಅವರು ನಮ್ಮ ಡ್ರೈವ್‌ವೇಯಲ್ಲಿ ಸಾಲಾಗಿ ನಿಂತು ಇಲ್ಲದ ಕಲ್ಲಿದ್ದಲನ್ನು ಅಗೆದರು. ಎದುರು ಮನೆಯವನು ಗ್ಯಾರೇಜಿನ ಬಾಗಿಲು ಎತ್ತಿ ನೋಡಿ, ಮತ್ತೆ ಇಳಿಸಿದ.

ಆಗಸ್ಟ್ ಹದಿನಾರು, ಭಾನುವಾರ. ಎಂಬತ್ತಾರು ಡಿಗ್ರಿ. ಸಂಜೆಗೆ ಗುಡುಗು ಎಂದಿದ್ದರು, ಬರಲಿಲ್ಲ. ಅಪ್ಪ ದೀಪಗಳಿಗೂ ಒಂದು ನಕ್ಷೆ ಹಾಕಿದ್ದರು; ಮಂಟಪದ ತುದಿಯಿಂದ ಎಂಟು ದಿಕ್ಕಿಗೆ, ಅಳತೆಯಲ್ಲಿ ಒಂದಿಂಚೂ ತಪ್ಪದೆ. ಕತ್ತಲಾದರೆ ಪಾರ್ಕು ಮುಚ್ಚುತ್ತಾರೆ, ಹಾಗಾಗಿ ಬಿಸಿಲಿರುವಾಗಲೇ ಹಚ್ಚಿದೆವು. ಹಯಾಶಿ ಆಂಟಿಯ ಮನೆಯ ಮುಂದೆ ಒಂದು ಸೌತೆಕಾಯಿ, ಒಂದು ಬದನೆಕಾಯಿ, ಎರಡಕ್ಕೂ ನಾಲ್ಕು ನಾಲ್ಕು ಕಡ್ಡಿಯ ಕಾಲು.

"ಬದನಿಕಾಯಿಗೆ ಯಾಕ್ರೀ ಕಾಲು?" ಎಂದರು ಕಮಲಾ ಆಂಟಿ.

ಸೌತೆ ಕುದುರೆ, ಸತ್ತವರು ಬರುವಾಗ ಅದರ ಮೇಲೆ ಬೇಗ ಬರಲಿ ಎಂದು. ಬದನೆ ಹಸು, ಹೋಗುವಾಗ ನಿಧಾನವಾಗಿ ಹೋಗಲಿ ಎಂದು. ನಾನು ಹೇಳಿದಾಗ ಅವರು ಬಗ್ಗಿ, ಒಂದು ಪಕ್ಕಕ್ಕೆ ವಾಲಿದ್ದ ಹಸುವನ್ನು ನೇರ ಮಾಡಿದರು.

ಆರೂವರೆಗೆ ಜನ ಬರತೊಡಗಿದರು. ಜಪಾನೀಯರು ಎಂಟರ ಬದಲು ಆರು. ಒಂದು ಕುಟುಂಬಕ್ಕೆ ಆ ವಾರವೇ ವಿಮಾನದ ಟಿಕೆಟ್ಟು ಬಂದಿತ್ತು. ಮೇ ತಿಂಗಳಲ್ಲಿ ಕೆಲಸ ಕಳೆದುಕೊಂಡಿದ್ದ ರಮೇಶ್ ಅಂಕಲ್ ಇಸ್ತ್ರಿ ಮಾಡಿದ ಆಫೀಸ್ ಶರ್ಟು ಹಾಕಿಕೊಂಡು ಬಂದಿದ್ದರು. ಆಮೇಲೆ ಹಯಾಶಿ ಆಂಟಿ ಬಂದರು. ನೀಲಿ ಹೂವಿನ ಬಿಳಿ ಹತ್ತಿಯ ನಿಲುವಂಗಿ, ಬೆನ್ನ ಮೇಲೆ ಬಿಳಿ ಬಟ್ಟೆಯಲ್ಲಿ ಕಟ್ಟಿದ ಚೌಕಟ್ಟು. ಅದರಲ್ಲಿ ಅಂಕಲ್‌ನ ಫೋಟೋ ಹಿಂದಕ್ಕೆ ಮುಖ ಮಾಡಿ ಇತ್ತು. ಅವರ ಊರಿನಲ್ಲಿ ಮೊದಲ ವರ್ಷ ಮನೆಯವರು ಸತ್ತವರನ್ನು ಹೀಗೆ ಬೆನ್ನಿಗೆ ಕಟ್ಟಿಕೊಂಡು ಕುಣಿಯುವುದಂತೆ.

ಎಲ್ಲರೂ ಮಂಟಪವನ್ನು ಎಡಕ್ಕಿಟ್ಟುಕೊಂಡು ನಿಂತರು. ನಾನು ಎಣಿಸಿದೆ. ಇಪ್ಪತ್ತೊಂಬತ್ತು. ಹಯಾಶಿ ಆಂಟಿಯ ಹಿಂದೆ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ. ಅಪ್ಪ ಮಿನಿವ್ಯಾನಿನ ಬಾಗಿಲಲ್ಲಿ ಸಿಡಿಯ ಹತ್ತಿರ ನಿಂತಿದ್ದರು. ಅವರ ತಂದೆ ಅವರು ಪಿಯುಸಿಯಲ್ಲಿದ್ದಾಗಲೇ ಹೋದವರು. ಎರಡು ವಾರದಿಂದ ಅವರು ದೀಪ, ತಂತಿ, ಸಿಡಿ ಎಂದು ಒಂದಲ್ಲ ಒಂದು ಕೆಲಸ ಹಿಡಿದು ಕುಣಿತವನ್ನು ತಪ್ಪಿಸಿಕೊಂಡಿದ್ದರು.

"ಶ್ರೀಧರ," ಎಂದರು ಕಮಲಾ ಆಂಟಿ ವೃತ್ತದಿಂದಲೇ. "ಕಾರೇನು ಓಡಿ ಹೋಗ್ತದೇನ? ಬಾ ಇಲ್ಲೆ."

"ನಂಗೆ ಬರಲ್ಲ ಕಮಲಕ್ಕ."

"ಅವರ ಹಿಂದ ನಿಲ್ಲು. ಅವರು ಮಾಡಿದ್ದು ಮಾಡು."

ನಾನು ಅಪ್ಪನ ಕೈಯಿಂದ ರಿಮೋಟು ತೆಗೆದುಕೊಂಡೆ. ಅವರು ಹೋಗಿ ನಿಂತರು. ಹಾಡು ಶುರುವಾಯಿತು. ಜುಲೈ ಪೂರ್ತಿ ತಪ್ಪಿದ ಕಾಲುಗಳು ಅಂದು ಒಮ್ಮೆಯೂ ತಪ್ಪಲಿಲ್ಲ. ಮೂವತ್ತು ಜನ, ತಲೆ ಬಾಲ ಸೇರಿ, ಎಡಕ್ಕೆ. ಅಪ್ಪ ಫೆಬ್ರವರಿಯಲ್ಲಿ ಅತ್ತಿರಲಿಲ್ಲ, ಮಾರ್ಚ್‌ನಲ್ಲೂ ಅತ್ತಿರಲಿಲ್ಲ. ಈಗ ಕಣ್ಣೆದುರು ಎರಡಡಿ ದೂರದಲ್ಲಿ ಗೆಳೆಯನ ಮುಖ. ಅಗೆದರು, ಎಸೆದರು, ಹಣೆಗೆ ಕೈ ಇಟ್ಟು ದೂರ ನೋಡಿದರು. ಕೆನ್ನೆ ಒದ್ದೆಯಾಗಿತ್ತು, ಕೈಗೆ ಕೆಲಸವಿದ್ದದ್ದರಿಂದ ಒರೆಸಿಕೊಳ್ಳಲಾಗಲಿಲ್ಲ.

ಮೂರನೇ ಹಾಡಿಗೆ ಹಯಾಶಿ ಆಂಟಿಯ ಮಂಡಿ ಹಿಡಿಯಿತು. ಒಂದು ಹೆಜ್ಜೆ ತಡೆದರು, ಇನ್ನೊಂದು ಹೆಜ್ಜೆ ತಡೆದರು. ಅವರ ಮುಂದಿದ್ದ ಕಮಲಾ ಆಂಟಿ ತಿರುಗಿ ನೋಡಿದರು. ವೃತ್ತ ನಿಧಾನವಾಯಿತು. ಹಾಡು ನಿಲ್ಲಿಸಬೇಕೋ ಏನೋ ಎಂದು ನನಗೆ ತಿಳಿಯಲಿಲ್ಲ. ಕಮಲಾ ಆಂಟಿ ಕುಣಿಯುವುದನ್ನು ಬಿಟ್ಟು ಸೆರಗನ್ನು ಮುಂದಕ್ಕೆಳೆದು ಸೊಂಟಕ್ಕೆ ಸಿಕ್ಕಿಸಿ, ತಮ್ಮ ಬೆನ್ನನ್ನು ಹಯಾಶಿ ಆಂಟಿಗೆ ಒಡ್ಡಿದರು.

"ಕಟ್ರಿ," ಎಂದರು ಕನ್ನಡದಲ್ಲೇ.

ಹಯಾಶಿ ಆಂಟಿ ಗಂಟು ಬಿಚ್ಚಿದರು. ಅಪ್ಪ ಚೌಕಟ್ಟು ಹಿಡಿದುಕೊಂಡರು, ಆಂಟಿ ಕಟ್ಟಿದರು, ಎಳೆದು ನೋಡಿ ಇನ್ನೊಂದು ಗಂಟು ಹಾಕಿದರು. ಅಪ್ಪ ಒಂದು ಹೆಜ್ಜೆ ಮುಂದೆ ಹೋದರು, ಅವರ ಹಿಂದಿನವರು ಒಂದು ಹೆಜ್ಜೆ, ಹೀಗೆ ಎಲ್ಲರೂ ಸ್ವಲ್ಪ ಸ್ವಲ್ಪ ಸರಿದು ಆ ಜಾಗ ಕೂಡಿಕೊಂಡಿತು. ಧಾರವಾಡ ಸೀರೆಯ ಬೆನ್ನ ಮೇಲೆ ಹಯಾಶಿ ಅಂಕಲ್ ಎಡಸುತ್ತಿಗೆ ಹೊರಟರು.

ಹಯಾಶಿ ಆಂಟಿಯನ್ನು ನಾನು ಕೈ ಹಿಡಿದು ಬೆಂಚಿಗೆ ಕರೆತಂದೆ. ಅಷ್ಟು ಹೊತ್ತು ಆ ಪಾರ್ಕಿನಲ್ಲಿದ್ದವರೆಲ್ಲ ಅಂಕಲ್‌ನ ಮುಖ ನೋಡಿದ್ದರು, ಹೊತ್ತಿದ್ದ ಅವರೊಬ್ಬರನ್ನು ಬಿಟ್ಟು. ವೃತ್ತ ಮಂಟಪದ ಹಿಂದೆ ಮರೆಯಾಗಿ ಈ ಕಡೆಯಿಂದ ಮತ್ತೆ ಬಂತು. ಕಮಲಾ ಆಂಟಿ ಸರಿಯಾಗಿ ನಮ್ಮ ಎದುರಿಗೆ ಬರುವ ಹೊತ್ತಿಗೆ ಹಾಡಿನಲ್ಲಿ ಚಪ್ಪಾಳೆಯ ಜಾಗ. ಎಲ್ಲರೂ ಒಳಮುಖವಾಗಿ ತಿರುಗಿದರು, ಬೆನ್ನುಗಳು ಹೊರಕ್ಕಾದವು. ದೀಪದ ಕೆಳಗೆ ಅಂಕಲ್ ನೇರವಾಗಿ ಬೆಂಚಿನ ಕಡೆ ನೋಡಿದರು.

ಆಂಟಿ ಕೂತಲ್ಲಿಂದಲೇ ತಲೆ ಬಗ್ಗಿಸಿದರು. ತಲೆ ಎತ್ತಿದವರೇ ದನಿ ಏರಿಸಿ, "ಕಮಲಾ, ಕೈ ಇನ್ನೂ ಮೇಲೆ. ಮೇಲೆ," ಎಂದರು.

"ಎತ್ತೇನಿ, ಎತ್ತೇನಿ," ಎಂದು ಕಮಲಾ ಆಂಟಿ ಕೈ ಎತ್ತುತ್ತ ಮುಂದೆ ಹೋದರು. ಹಯಾಶಿ ಆಂಟಿ ಮಂಡಿಯ ಮೇಲೆ ಎರಡು ಕೈ ಇಟ್ಟುಕೊಂಡು, ಮಂಟಪದ ಆಚೆ ಬದಿಯಿಂದ ಅವರು ಮತ್ತೆ ಬರುವುದನ್ನೇ ನೋಡುತ್ತ ಕೂತರು.